ಬಸಿರ ರಕ್ತದ ನೆನಪು

ಬಸುರಿಯ ಹೊಟ್ಟೆಯೊಳಗಿನ ಕೂಸು ಒಂಬತ್ತು ತಿಂಗಳೂ ನೀರಿನಲ್ಲೇ ಇರುತ್ತದೆ. ಮೂಗಿಗೆ ಗಾಳಿ ತಾಗುವುದಿಲ್ಲ, ಶ್ವಾಸಕೋಶ ಇನ್ನೂ ಕೆಲಸಕ್ಕೆ ಇಳಿದಿರುವುದಿಲ್ಲ. ಆದರೂ ಕೂಸು ಬೆಳೆಯುತ್ತದೆ, ಒದೆಯುತ್ತದೆ, ಹೆಬ್ಬೆರಳು ಚೀಪುತ್ತದೆ. ಉಸಿರಾಡದೆ ಬದುಕುವುದು ಹೇಗೆ ಎಂದು ಕೇಳಿದರೆ, ಹೊಕ್ಕುಳಬಳ್ಳಿಯಲ್ಲಿ ತಾಯಿಯ ರಕ್ತ ಬರುತ್ತದಲ್ಲ ಎಂದು ಯಾರಾದರೂ ಹೇಳುತ್ತಾರೆ.

ಈ ಉತ್ತರ ಅರ್ಧ ಮಾತ್ರ ಸರಿ. ತಾಯಿಯ ರಕ್ತ ಮಗುವಿನ ಮೈಯೊಳಗೆ ಹರಿಯುವುದಿಲ್ಲ. ತಾಯಿಯದು ಎ ಗುಂಪು, ಮಗುವಿನದು ಬಿ ಗುಂಪು ಆಗಿರುವುದೂ ಉಂಟು. ಮಾಸಿನಲ್ಲಿ ಎರಡೂ ರಕ್ತಗಳು ಹತ್ತಿರ ಹತ್ತಿರ ಬರುತ್ತವೆ, ಆದರೆ ನಡುವೆ ತೆಳುವಾದ ಪೊರೆಯೊಂದು ಇದ್ದೇ ಇರುತ್ತದೆ. ಆಮ್ಲಜನಕ ಆ ಪೊರೆಯನ್ನು ದಾಟಬೇಕು. ತಾಯಿಯ ರಕ್ತದ ಹಿಮೋಗ್ಲೋಬಿನ್ ಅದನ್ನು ಹಿಡಿದುಕೊಂಡಿದೆ. ಹಿಡಿದದ್ದನ್ನು ಅದು ಮಗುವಿಗೆ ಬಿಟ್ಟುಕೊಡುವುದು ಏಕೆ?

ಒದ್ದೆಯಾದ ನೈಲಾನ್ ಸೀರೆಯನ್ನು ಒಣ ಹತ್ತಿ ಪಂಚೆಯ ಮೇಲೆ ಹಾಸಿ ಒತ್ತಿ ನೋಡಿ. ನೀರು ಪಂಚೆಗೆ ಇಳಿಯುತ್ತದೆ. ಹತ್ತಿಗೆ ನೀರಿನ ಮೇಲೆ ಆಸೆ ಹೆಚ್ಚು. ಹೊಟ್ಟೆಯೊಳಗಿನ ಮಗುವಿನ ಹಿಮೋಗ್ಲೋಬಿನ್ ಈ ಹತ್ತಿಯ ಹಾಗೆ. ಅದು ನಮ್ಮ ನಿಮ್ಮ ಮೈಯಲ್ಲಿರುವ ಹಿಮೋಗ್ಲೋಬಿನ್ ಅಲ್ಲ, ಬೇರೆಯೇ ಒಂದು ಬಗೆ. ಆಮ್ಲಜನಕವನ್ನು ಅದು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ, ಆದ್ದರಿಂದ ತಾಯಿಯ ರಕ್ತದಿಂದ ಎಳೆದುಕೊಳ್ಳಬಲ್ಲದು. ವೈದ್ಯರು ಅದನ್ನು ಫೀಟಲ್ ಹಿಮೋಗ್ಲೋಬಿನ್ ಎನ್ನುತ್ತಾರೆ. ನಾವು ಬಸಿರ ಹಿಮೋಗ್ಲೋಬಿನ್ ಎನ್ನೋಣ.

ಹುಟ್ಟಿದ ದಿನ ಮಗುವಿನ ರಕ್ತದಲ್ಲಿ ಹೆಚ್ಚಿನ ಪಾಲು ಇದೇ ಇರುತ್ತದೆ. ಆಮೇಲೆ ತಿಂಗಳಿಂದ ತಿಂಗಳಿಗೆ ಇಳಿಯುತ್ತ, ವರ್ಷ ತುಂಬುವ ಹೊತ್ತಿಗೆ ಹುಡುಕಿದರೆ ಸಿಗುವಷ್ಟು ಉಳಿಯುತ್ತದೆ. ಮೈ ಅದನ್ನು ಮಾಡುವುದನ್ನು ಬಹುಮಟ್ಟಿಗೆ ನಿಲ್ಲಿಸಿಬಿಡುತ್ತದೆ. ಆದರೆ ಮಾಡುವ ವಿದ್ಯೆ ಅಳಿಸಿಹೋಗುವುದಿಲ್ಲ. ಎಂಬತ್ತು ವರ್ಷದ ಅಜ್ಜಿಯ ಮೂಳೆಯೊಳಗೂ ಆ ಬರಹ ಹಾಗೆಯೇ ಇದೆ, ಯಾರೂ ಓದದೆ ಮಡಿಸಿಟ್ಟ ಕಾಗದದ ಹಾಗೆ. ಆ ಕಾಗದವನ್ನು ಮತ್ತೆ ಬಿಚ್ಚುವಂತೆ ಮಾಡಿ ಒಂದು ಘೋರ ಕಾಯಿಲೆಯನ್ನು ಹಿಮ್ಮೆಟ್ಟಿಸಿದ ಕಥೆ ಇದು.

ಕುಡುಗೋಲಿನ ಆಕಾರ

1904ರಲ್ಲಿ ಕೆರಿಬಿಯನ್ ದ್ವೀಪ ಗ್ರೆನಾಡಾದಿಂದ ವಾಲ್ಟರ್ ಕ್ಲೆಮೆಂಟ್ ನೋಯೆಲ್ ಎಂಬ ಯುವಕ ದಂತವೈದ್ಯ ಓದಲು ಶಿಕಾಗೊಗೆ ಬಂದ. ಬಂದ ಸ್ವಲ್ಪ ದಿನಕ್ಕೇ ಆಸ್ಪತ್ರೆ ಸೇರಿದ. ಅವನ ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ ನೋಡಿದ ಕಿರಿಯ ವೈದ್ಯ ಅರ್ನೆಸ್ಟ್ ಐರನ್ಸ್‌ಗೆ ಆಶ್ಚರ್ಯವಾಯಿತು. ಕೆಂಪು ರಕ್ತಕಣಗಳು ಉದ್ದಿನವಡೆಯ ಹಾಗೆ ಗುಂಡಗೆ, ನಡುವೆ ತಗ್ಗಾಗಿ ಇರಬೇಕು. ಇಲ್ಲಿ ಹಲವು ಕಣಗಳು ಉದ್ದುದ್ದ ಎಳೆದು, ತುದಿ ಚೂಪಾಗಿ, ಬಾಗಿದ್ದವು. ಹಿರಿಯ ವೈದ್ಯ ಜೇಮ್ಸ್ ಹೆರಿಕ್ 1910ರಲ್ಲಿ ಇದನ್ನು ಪ್ರಕಟಿಸಿದಾಗ ಆ ಆಕಾರವನ್ನು ಕುಡುಗೋಲಿಗೆ ಹೋಲಿಸಿದ. ಸಿಕಲ್ ಸೆಲ್ ಎಂಬ ಹೆಸರು ಹಾಗೆ ಬಂತು. ನೋಯೆಲ್ ಓದು ಮುಗಿಸಿ ಊರಿಗೆ ಮರಳಿ ದಂತವೈದ್ಯನಾಗಿ ಕೆಲಸ ಮಾಡಿದ. 1916ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡಾಗ ಅವನಿಗೆ ಮೂವತ್ತೆರಡು ವರ್ಷ.

ಆರೋಗ್ಯವಂತ ಕೆಂಪು ಕಣ ಮೆತ್ತಗಿರುತ್ತದೆ. ತನಗಿಂತ ಕಿರಿದಾದ ನಾಳದಲ್ಲೂ ಮೈ ಮಡಚಿ ನುಸುಳಿಕೊಂಡು ಹೋಗುತ್ತದೆ. ಕುಡುಗೋಲಾದ ಕಣ ಗಡುಸು, ಅದು ಮಡಚುವುದಿಲ್ಲ. ಕಿರುನಾಳದಲ್ಲಿ ಒಂದು ಸಿಕ್ಕಿಕೊಂಡರೆ ಹಿಂದಿನವು ಬಂದು ಒಟ್ಟುತ್ತವೆ, ಕಾಲುವೆಗೆ ಕಸಕಡ್ಡಿ ಅಡ್ಡ ಬಿದ್ದ ಹಾಗೆ. ಅದರಾಚೆಯ ಮೂಳೆಗೆ, ಮಾಂಸಕ್ಕೆ ರಕ್ತ ತಪ್ಪುತ್ತದೆ. ಆಗ ಏಳುವ ನೋವು ಮೂಳೆಯ ಒಳಗಿನಿಂದ ಬರುವ ನೋವು. ಸುತ್ತಿಗೆಯಿಂದ ಬಡಿದ ಹಾಗೆ ಎಂದು ಅನುಭವಿಸಿದವರು ಹೇಳುತ್ತಾರೆ. ಅದು ಗಂಟೆಗಟ್ಟಲೆ, ದಿನಗಟ್ಟಲೆ ಇರುತ್ತದೆ. ಇದರ ಮೇಲೆ ರಕ್ತಹೀನತೆ ಬೇರೆ. ಒಳ್ಳೆಯ ಕಣ 120 ದಿನ ಬಾಳಿದರೆ ಕುಡುಗೋಲು ಕಣ ಹತ್ತಿಪ್ಪತ್ತು ದಿನಕ್ಕೇ ಒಡೆದುಹೋಗುತ್ತದೆ.

ಇದು ದೂರದ ದ್ವೀಪದ ಕಾಯಿಲೆಯಷ್ಟೇ ಅಲ್ಲ. 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬ ಸಂಶೋಧಕರು ನೀಲಗಿರಿಯ ಬುಡಕಟ್ಟು ಜನರಲ್ಲಿ ಇದನ್ನು ಗುರುತಿಸಿದರು. ನೀಲಗಿರಿಯ ಈಚೆ ಮಗ್ಗುಲೇ ನಮ್ಮ ಚಾಮರಾಜನಗರ, ಮೈಸೂರು, ಕೊಡಗಿನ ಕಾಡು. ಅಲ್ಲಿನ ಹಾಡಿಗಳ ಸೋಲಿಗರಲ್ಲಿ, ಜೇನುಕುರುಬರಲ್ಲಿ, ಯರವರಲ್ಲಿ ಈ ಕಾಯಿಲೆ ಇದೆ. ಮಲೇರಿಯಾ ಹೆಚ್ಚಾಗಿದ್ದ ನಾಡುಗಳಲ್ಲೇ ಇದು ಬೇರೂರಲು ಕಾರಣವುಂಟು. ತಾಯಿ ತಂದೆಯರಲ್ಲಿ ಒಬ್ಬರಿಂದ ಮಾತ್ರ ಈ ದೋಷ ಬಂದವರಿಗೆ ಕಾಯಿಲೆ ಆಗುವುದಿಲ್ಲ, ಬದಲಿಗೆ ಮಾರಕ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ ಎಂದು ಆಂಥನಿ ಆಲಿಸನ್ 1954ರಲ್ಲಿ ತೋರಿಸಿಕೊಟ್ಟರು. ಇಬ್ಬರಿಂದಲೂ ಬಂದ ಮಗು ಮಾತ್ರ ಅದರ ಬೆಲೆ ತೆರುತ್ತದೆ.

ಕೊಕ್ಕೆ ಮತ್ತು ಕುಣಿಕೆ

ಒಂದೊಂದು ಕೆಂಪು ಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿವೆ. ಪ್ರತಿ ಅಣುವೂ ನಾಲ್ಕು ಸರಗಳ ಒಂದು ಕಟ್ಟು: ಎರಡು ಆಲ್ಫಾ, ಎರಡು ಬೀಟಾ. ಬೀಟಾ ಸರದಲ್ಲಿ 146 ಮಣಿಗಳು. 1956, 1957ರಲ್ಲಿ ಕೇಂಬ್ರಿಜ್‌ನ ವರ್ನನ್ ಇಂಗ್ರಾಂ ಈ ಸರವನ್ನು ತುಂಡು ತುಂಡು ಮಾಡಿ ಪರೀಕ್ಷಿಸಿ, ರೋಗಿಗಳಲ್ಲಿ ಒಂದೇ ಒಂದು ಮಣಿ ಬದಲಾಗಿರುವುದನ್ನು ಕಂಡುಹಿಡಿದರು. ಆರನೆಯ ಮಣಿ. ಉಳಿದ 145 ಸರಿಯಾಗಿಯೇ ಇವೆ.

ಆ ಒಂದು ಮಣಿಯಿಂದ ಇಷ್ಟು ಅನಾಹುತ ಏಕೆ? ರವಿಕೆಯ ಹುಕ್ಕನ್ನು ನೆನಪಿಸಿಕೊಳ್ಳಿ. ಒಂದು ಅಂಚಿನಲ್ಲಿ ಕೊಕ್ಕೆ, ಇನ್ನೊಂದು ಅಂಚಿನಲ್ಲಿ ದಾರದ ಕುಣಿಕೆ. ಬದಲಾದ ಮಣಿ ಕೊಕ್ಕೆಯಾಗುತ್ತದೆ. ಕುಣಿಕೆ ಪಕ್ಕದ ಅಣುವಿನಲ್ಲಿ ಮೊದಲೇ ಇದೆ, ಆದರೆ ಅದು ತೆರೆದುಕೊಳ್ಳುವುದು ಅಣು ತನ್ನ ಆಮ್ಲಜನಕವನ್ನು ಇಳಿಸಿದ ಮೇಲೆ. ಕೆಂಪು ಕಣ ಕಾಲ್ಬೆರಳಿಗೋ ಬೆನ್ನುಮೂಳೆಗೋ ಹೋಗಿ ತನ್ನ ಹೊರೆ ಇಳಿಸಿದ್ದೇ ತಡ, ಕೊಕ್ಕೆ ಹೋಗಿ ಕುಣಿಕೆಗೆ ಬೀಳುತ್ತದೆ. ಒಂದಕ್ಕೊಂದು, ಅದಕ್ಕೆ ಇನ್ನೊಂದು. ನೋಡನೋಡುತ್ತಿದ್ದಂತೆ ಕಣದೊಳಗೆ ಹುರಿಹಗ್ಗಗಳು ಹೊಸೆದುಕೊಂಡು, ಒಳಗಿನಿಂದ ಒತ್ತಿ, ದುಂಡಗಿದ್ದ ಕಣವನ್ನು ಕುಡುಗೋಲು ಮಾಡುತ್ತವೆ.

ಹಗ್ಗ ಹೊಸೆದುಕೊಳ್ಳಲು ಸ್ವಲ್ಪ ಹೊತ್ತು ಬೇಕು ಎಂಬುದು ಇಲ್ಲಿ ಮುಖ್ಯ. ಅಷ್ಟರಲ್ಲಿ ಕಣ ಕಿರುನಾಳವನ್ನು ದಾಟಿ ಅಗಲ ನಾಳಕ್ಕೆ ಬಂದು, ಶ್ವಾಸಕೋಶ ಮುಟ್ಟಿ ಆಮ್ಲಜನಕ ತುಂಬಿಕೊಂಡರೆ ಕೊಕ್ಕೆಗಳು ಕಳಚಿಕೊಳ್ಳುತ್ತವೆ. ಹಗ್ಗ ಹೊಸೆಯುವುದನ್ನು ಪೂರ್ತಿ ನಿಲ್ಲಿಸಬೇಕಿಲ್ಲ. ತಡವಾಗುವಂತೆ ಮಾಡಿದರೂ ರೋಗಿ ಗೆದ್ದ ಹಾಗೆಯೇ.

ಬ್ರೂಕ್ಲಿನ್‌ನ ಹಸುಗೂಸುಗಳು

1948ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಜಾನೆಟ್ ವಾಟ್ಸನ್ ಎಂಬ ಮಕ್ಕಳ ವೈದ್ಯೆ ಒಂದು ಸಂಗತಿಯನ್ನು ಗಮನಿಸಿದರು. ಈ ಕಾಯಿಲೆ ಹುಟ್ಟಿನಿಂದಲೇ ಬಂದದ್ದು. ಆದರೆ ಹಸುಗೂಸುಗಳಲ್ಲಿ ಅದರ ಲಕ್ಷಣವೇ ಇಲ್ಲ. ಮೊದಲ ಕೆಲವು ತಿಂಗಳು ಮಗು ನಗುತ್ತ, ಹಾಲು ಕುಡಿಯುತ್ತ ಚೆನ್ನಾಗಿಯೇ ಇರುತ್ತದೆ. ಆರು ತಿಂಗಳ ಆಸುಪಾಸಿನಲ್ಲಿ ಒಂದು ದಿನ ಅದರ ಪುಟ್ಟ ಕೈಬೆರಳುಗಳು, ಪಾದಗಳು ಊದಿಕೊಳ್ಳುತ್ತವೆ. ಮುಟ್ಟಿದರೆ ಚೀರುತ್ತದೆ. ಎಲ್ಲೋ ಬಿದ್ದಿತೇನೋ, ಏನೋ ಕಚ್ಚಿತೇನೋ ಎಂದು ತಾಯಿ ಗಾಬರಿಯಾಗುತ್ತಾಳೆ. ಅದು ಈ ಕಾಯಿಲೆಯ ಮೊದಲ ಕರೆ.

ವಾಟ್ಸನ್ ಆಗ ತಾನೇ ಹುಟ್ಟಿದ ಮಕ್ಕಳ ರಕ್ತ ತೆಗೆದು ಆಮ್ಲಜನಕ ಕಡಿಮೆ ಮಾಡಿ ನೋಡಿದರು. ತಾಯಂದಿರ ರಕ್ತದ ಕಣಗಳು ಬೇಗ ಬಾಗಿದವು, ಮಕ್ಕಳವು ಅಷ್ಟಾಗಿ ಬಾಗಲಿಲ್ಲ. ಬಸಿರ ಹಿಮೋಗ್ಲೋಬಿನ್ನೇ ಮಕ್ಕಳನ್ನು ಕಾಯುತ್ತಿರಬೇಕು ಎಂದು ಅವರು ಊಹಿಸಿದರು. ಈ ಊಹೆ ಬಂದಾಗ ಜೀನು ಎಂದರೆ ಯಾವ ಆಕಾರದ್ದು ಎಂಬುದೇ ಜಗತ್ತಿಗೆ ಗೊತ್ತಿರಲಿಲ್ಲ. ದೊಡ್ಡ ಯಂತ್ರವಿಲ್ಲದೆ, ಮಕ್ಕಳನ್ನು ಕಣ್ಣಿಟ್ಟು ನೋಡಿ ಪಡೆದ ಈ ತಿಳಿವು ಈ ಇಡೀ ಕಥೆಯ ಕೀಲಿಕೈ ಎಂದೇ ನಾನು ತಿಳಿಯುತ್ತೇನೆ. ಆದರೂ ವಾಟ್ಸನ್ ಹೆಸರು ಎಷ್ಟೋ ಪುಸ್ತಕಗಳಲ್ಲಿ ಕಾಣುವುದಿಲ್ಲ.

ಬಸಿರ ಹಿಮೋಗ್ಲೋಬಿನ್‌ನಲ್ಲಿ ಬೀಟಾ ಸರದ ಜಾಗದಲ್ಲಿ ಗಾಮಾ ಎಂಬ ಸರ ಇರುತ್ತದೆ. ಗಾಮಾದಲ್ಲಿ ಆ ಕೊಕ್ಕೆ ಇಲ್ಲ. ಶಾಲೆಯ ಮೈದಾನದಲ್ಲಿ ಮಕ್ಕಳು ಕೈ ಕೈ ಹಿಡಿದು ಸಾಲು ಕಟ್ಟುವಾಗ ನಡುನಡುವೆ ಕೈಕಟ್ಟಿ ನಿಂತವರು ಸೇರಿಕೊಂಡರೆ ಸಾಲು ಬೆಳೆಯುವುದಿಲ್ಲವಲ್ಲ, ಹಾಗೆ. ಎಲ್ಲರೂ ಕೈಕಟ್ಟಿ ನಿಲ್ಲಬೇಕೆಂದೇನೂ ಇಲ್ಲ. ಮೂವರಲ್ಲಿ ಒಬ್ಬರು ನಿಂತರೂ ಹಗ್ಗ ತುಂಡಾಗುತ್ತದೆ.

ಪ್ರಕೃತಿಯೂ ಇದನ್ನು ಮಾಡಿ ತೋರಿಸಿದೆ. ಕೆಲವು ಮನೆತನಗಳಲ್ಲಿ ಬಸಿರ ಹಿಮೋಗ್ಲೋಬಿನ್ ದೊಡ್ಡವರಾದ ಮೇಲೂ ನಿಲ್ಲುವುದೇ ಇಲ್ಲ. ಅವರಿಗೆ ಅದರಿಂದ ತೊಂದರೆಯಿಲ್ಲ. ಅಂಥವರಿಗೆ ಕುಡುಗೋಲು ದೋಷವೂ ಬಂದಿದ್ದರೆ ಕಾಯಿಲೆ ತೀರಾ ಸೌಮ್ಯ. ಭಾರತದ ರೋಗಿಗಳಲ್ಲೂ ಪೂರ್ವ ಅರೇಬಿಯಾದ ರೋಗಿಗಳಲ್ಲೂ ಬಸಿರ ಹಿಮೋಗ್ಲೋಬಿನ್ ಆಫ್ರಿಕಾ ಮೂಲದವರಿಗಿಂತ ಸಾಮಾನ್ಯವಾಗಿ ಹೆಚ್ಚು. ನಮ್ಮಲ್ಲಿ ಹಲವರ ಕಾಯಿಲೆ ಸ್ವಲ್ಪ ಮೃದುವಾಗಿರುವುದಕ್ಕೆ ಅದೂ ಒಂದು ಕಾರಣ. ಎಲ್ಲರದೂ ಮೃದುವಲ್ಲ ಎಂಬುದನ್ನು ಮರೆಯಬಾರದು.

ಬಾಯಿ ಮುಚ್ಚಿಸುವುದು ಯಾರು?

ಹಾಗಾದರೆ ಉಳಿದದ್ದು ಒಂದೇ ಪ್ರಶ್ನೆ. ಹುಟ್ಟಿದ ಮೇಲೆ ಗಾಮಾ ಜೀನನ್ನು ಸುಮ್ಮನಾಗಿಸುವುದು ಯಾವುದು?

ಈ ಜೀನುಗಳು ನಮ್ಮ ಹನ್ನೊಂದನೆಯ ವರ್ಣತಂತುವಿನ ಮೇಲೆ ಒಂದೇ ಸಾಲಿನಲ್ಲಿ ಕೂತಿವೆ. ಊಟದ ಎಲೆಯ ಮೇಲೆ ಬಡಿಸುವ ಕ್ರಮವಿದ್ದ ಹಾಗೆ, ಬಸಿರಿನ ಮೊದಲ ವಾರಗಳದ್ದು ಮೊದಲು, ಆಮೇಲೆ ಗಾಮಾ, ಕೊನೆಗೆ ಬೀಟಾ. ಜೀವಮಾನದಲ್ಲಿ ಬಳಕೆಗೆ ಬರುವ ಕ್ರಮವೂ ಅದೇ. ಗಾಮಾ ಬಡಿಸಿ ಮುಗಿಯಿತು, ಇನ್ನು ಬೀಟಾ ಬರಲಿ ಎಂದು ಕೈಯಾಡಿಸುವ ಮೇಲ್ವಿಚಾರಕನೊಬ್ಬ ಎಲ್ಲೋ ಇರಬೇಕು. ಐವತ್ತು ವರ್ಷ ಹುಡುಕಿದರೂ ಆತ ಸಿಗಲಿಲ್ಲ.

ಸಿಕ್ಕಿದ್ದು ರೋಗಿಗಳಿಂದಲ್ಲ, ಸಾಮಾನ್ಯ ಜನರಿಂದ. 2007, 2008ರಲ್ಲಿ ಬ್ರಿಟನ್ನಿನಲ್ಲಿ, ಇಟಲಿಯ ಸಾರ್ಡೀನಿಯಾ ದ್ವೀಪದಲ್ಲಿ ಸಂಶೋಧಕರು ಬಸಿರ ಹಿಮೋಗ್ಲೋಬಿನ್ ಸ್ವಲ್ಪ ಹೆಚ್ಚಿರುವವರ ಮತ್ತು ಕಡಿಮೆ ಇರುವವರ ಇಡೀ ಡಿಎನ್‌ಎಯನ್ನು ಹೋಲಿಸಿದರು. ವ್ಯತ್ಯಾಸ ಬಂದು ನಿಂತದ್ದು ಯಾರೂ ಎಣಿಸದ ಜಾಗದಲ್ಲಿ. ಹಿಮೋಗ್ಲೋಬಿನ್‌ಗೆ ಸಂಬಂಧವೇ ಇಲ್ಲವೆಂದುಕೊಂಡಿದ್ದ ಎರಡನೆಯ ವರ್ಣತಂತುವಿನಲ್ಲಿ, ಬಿಸಿಎಲ್11ಎ ಎಂಬ ಜೀನಿನ ಬಳಿ. 2008ರಲ್ಲಿ ಬೋಸ್ಟನ್ನಿನ ಸ್ಟುವರ್ಟ್ ಆರ್ಕಿನ್ ಅವರ ಪ್ರಯೋಗಾಲಯದಲ್ಲಿ ಆಗ ಇನ್ನೂ ವಿದ್ಯಾರ್ಥಿಯಾಗಿದ್ದ ವಿಜಯ್ ಶಂಕರನ್ ಈ ಜೀನನ್ನು ಕುಗ್ಗಿಸಿ ನೋಡಿದರು. ದೊಡ್ಡವರ ಕೋಶಗಳು ಮತ್ತೆ ಬಸಿರ ಹಿಮೋಗ್ಲೋಬಿನ್ ಮಾಡತೊಡಗಿದವು. 2011ರಲ್ಲಿ ಅದೇ ಪ್ರಯೋಗಾಲಯ ಕುಡುಗೋಲು ಕಾಯಿಲೆಯ ಇಲಿಗಳಲ್ಲಿ ಇದೊಂದನ್ನೇ ತೆಗೆದು ಕಾಯಿಲೆ ನಿಲ್ಲಿಸಿತು.

ಮೇಲ್ವಿಚಾರಕ ಸಿಕ್ಕಿದ. ಬಿಸಿಎಲ್11ಎ ಜೀನಿನಿಂದ ತಯಾರಾಗುವ ಪ್ರೋಟೀನು ಗಾಮಾ ಜೀನಿನ ಹತ್ತಿರ ಹೋಗಿ ಕೂತು ಅದರ ಬಾಯಿ ಮುಚ್ಚಿಸುತ್ತದೆ. ಅದನ್ನು ತಡೆಗಾರ ಎನ್ನೋಣ. ತಡೆಗಾರ ಎದ್ದುಹೋದರೆ ಗಾಮಾ ತಾನಾಗಿಯೇ ಮಾತಾಡುತ್ತದೆ.

ಟಿಸಿಯ ಫ್ಯೂಸಲ್ಲ, ಒಂದು ಮನೆಯ ವೈರು

ಹಾಗೆಂದು ಆ ಜೀನನ್ನೇ ಕತ್ತರಿಸಿ ಹಾಕುವಂತಿಲ್ಲ. ಅದೇ ತಡೆಗಾರ ಮಿದುಳಿನ ಬೆಳವಣಿಗೆಗೆ ಬೇಕು. ಸೋಂಕಿನ ವಿರುದ್ಧ ಹೋರಾಡುವ ಬಿ ಕೋಶಗಳು ತಯಾರಾಗುವುದಕ್ಕೂ ಬೇಕು. ಒಂದು ಮನೆಯ ದೀಪ ಆರಿಸಬೇಕೆಂದು ಲೈನ್‌ಮನ್ ಟಿಸಿಯ ಫ್ಯೂಸ್ ಕಿತ್ತರೆ ಊರಿಗೆ ಊರೇ ಕತ್ತಲು. ಬೇಕಾದ್ದು ಆ ಒಂದು ಮನೆಗೆ ಹೋಗುವ ವೈರು.

2013ರಲ್ಲಿ ಡೇನಿಯಲ್ ಬಾವರ್ ಮತ್ತು ಆರ್ಕಿನ್ ಆ ವೈರನ್ನು ಹುಡುಕಿಕೊಟ್ಟರು. ಜೀನಿನ ಎಲ್ಲ ಭಾಗವೂ ಪ್ರೋಟೀನಿಗೆ ಬರಹವಾಗುವುದಿಲ್ಲ, ನಡುನಡುವೆ ಬರಹವಲ್ಲದ ಜಾಗಗಳಿವೆ. ಬಿಸಿಎಲ್11ಎ ಜೀನಿನ ಅಂಥ ಒಂದು ಖಾಲಿ ಜಾಗದಲ್ಲಿ ಸಣ್ಣ ಗುಂಡಿಯೊಂದಿತ್ತು. ಎನ್‌ಹಾನ್ಸರ್ ಎಂದು ವಿಜ್ಞಾನಿಗಳು ಕರೆಯುವ ಇದನ್ನು ಒತ್ತುಗುಂಡಿ ಎಂದರೆ ಸಾಕು. ಒತ್ತಿದರೆ ಜೀನು ಜೋರಾಗಿ ಕೆಲಸ ಮಾಡುತ್ತದೆ. ಈ ಗುಂಡಿಯನ್ನು ಒತ್ತುವ ಬೆರಳು ಇರುವುದು ಕೆಂಪು ರಕ್ತಕಣ ತಯಾರಾಗುವ ಕೋಶಗಳಲ್ಲಿ. ಮಿದುಳು, ಬಿ ಕೋಶ ಇವೆಲ್ಲ ತಡೆಗಾರನನ್ನು ಕರೆಯಲು ಬೇರೆ ಗುಂಡಿ ಬಳಸುತ್ತವೆ. ಇದೊಂದನ್ನು ಹಾಳು ಮಾಡಿದರೆ ಕೆಂಪು ಕಣಗಳ ಮನೆಯಲ್ಲಿ ಮಾತ್ರ ತಡೆಗಾರ ಕುಗ್ಗುತ್ತಾನೆ, ಊರಿನ ಉಳಿದೆಲ್ಲ ದೀಪಗಳೂ ಉರಿಯುತ್ತಿರುತ್ತವೆ.

ಒತ್ತುಗುಂಡಿಯಲ್ಲಿ ಬೆರಳು ಇಡುವ ಜಾಗ ಕೆಲವೇ ಅಕ್ಷರಗಳಷ್ಟು ಉದ್ದ. ನಮ್ಮ ಡಿಎನ್‌ಎಯ ಒಟ್ಟು ಬರಹ ಸುಮಾರು 300 ಕೋಟಿ ಅಕ್ಷರ. ಅಷ್ಟರಲ್ಲಿ ಅಲ್ಲಿಗೇ ಹೋಗಿ, ಅದನ್ನೇ ಕತ್ತರಿಸಿ ಬರುವ ಕತ್ತರಿ ಬೇಕಿತ್ತು.

ಮೊಸರಿನ ಮನೆಯ ಕತ್ತರಿ

ಕತ್ತರಿ ಬಂದದ್ದು ಬ್ಯಾಕ್ಟೀರಿಯಾಗಳಿಂದ. ಅದು ಹೇಗೆ ಕೆಲಸ ಮಾಡುತ್ತದೆಂದು ಮೊದಲು ಸ್ಪಷ್ಟವಾದದ್ದು ಮೊಸರು ಮಾಡುವವರ ಕೈಯಲ್ಲಿ. ಹಾಲಿಗೆ ಹೆಪ್ಪು ಹಾಕಿದಾಗ ಮೊಸರಾಗದೆ ಕೆಡುವುದು ಮನೆಯಲ್ಲಿ ಒಂದು ದಿನದ ಬೇಸರ, ಕಾರ್ಖಾನೆಯಲ್ಲಿ ದೊಡ್ಡ ನಷ್ಟ. ಹೆಪ್ಪಿನ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ವೈರಸ್‌ಗಳಿವೆ. ಡ್ಯಾನಿಸ್ಕೊ ಎಂಬ ಆಹಾರ ಕಂಪನಿಯಲ್ಲಿ ರೊಡಾಲ್ಫ್ ಬರಾಂಗೂ, ಫಿಲಿಪ್ ಹೋರ್ವಾತ್ ಮತ್ತು ಅವರ ಜೊತೆಗಾರರು, ವೈರಸ್ ದಾಳಿಯಲ್ಲಿ ಬದುಕುಳಿದ ಹೆಪ್ಪಿನ ಬ್ಯಾಕ್ಟೀರಿಯಾಗಳನ್ನು ಪರೀಕ್ಷಿಸಿದರು. ಅವು ತಮ್ಮ ಡಿಎನ್‌ಎಯಲ್ಲಿ ಆ ವೈರಸ್ಸಿನ ತುಣುಕೊಂದನ್ನು ಅಂಟಿಸಿಟ್ಟುಕೊಂಡಿದ್ದವು. ಪೊಲೀಸ್ ಠಾಣೆಯ ಗೋಡೆಯ ಮೇಲೆ ಹಳೇ ಕಳ್ಳರ ಫೋಟೊ ಹಾಕಿರುತ್ತಾರಲ್ಲ, ಹಾಗೆ. ಅದೇ ವೈರಸ್ ಮತ್ತೆ ಬಂದರೆ ಫೋಟೊದೊಡನೆ ಹೋಲಿಸಿ, ಹಿಡಿದು, ಕತ್ತರಿಸುತ್ತವೆ. ಇದು ಪ್ರಕಟವಾದದ್ದು 2007ರಲ್ಲಿ. ಈ ವ್ಯವಸ್ಥೆಯ ಹೆಸರು ಕ್ರಿಸ್ಪರ್.

2012ರಲ್ಲಿ ಎಮ್ಯಾನುಯೆಲ್ ಶಾರ್ಪಾಂಟ್ಯೆ ಮತ್ತು ಜೆನ್ನಿಫರ್ ಡೌಡ್ನಾ ಅದರ ಕತ್ತರಿಗೆ ಬೇಕಾದ ಫೋಟೊವನ್ನು ನಾವೇ ಬರೆದು ಕೊಡಬಹುದು ಎಂದು ತೋರಿಸಿದರು. ಕತ್ತರಿ ಕ್ಯಾಸ್9 ಎಂಬ ಪ್ರೋಟೀನು. ಫೋಟೊ ಎಂದರೆ ಸುಮಾರು 20 ಅಕ್ಷರಗಳ ಆರ್‌ಎನ್‌ಎ ಎಳೆ, ದಾರಿತೋರುವ ಚೀಟಿ. ಚೀಟಿಯಲ್ಲಿ ಬರೆದ ಅಕ್ಷರಗಳು ಡಿಎನ್‌ಎಯಲ್ಲಿ ಎಲ್ಲಿ ಸಿಗುತ್ತವೋ ಅಲ್ಲಿ ಕತ್ತರಿ ನಿಂತು ಕತ್ತರಿಸುತ್ತದೆ. ಚೀಟಿ ಬದಲಿಸಿದರೆ ಜಾಗ ಬದಲು. 2020ರಲ್ಲಿ ಇಬ್ಬರಿಗೂ ರಸಾಯನಶಾಸ್ತ್ರದ ನೊಬೆಲ್ ಬಂತು.

ತಪ್ಪಿದ ಹೊಲಿಗೆ

ಕತ್ತರಿ ಸಿಕ್ಕಿತಲ್ಲ, ಹಾಗಾದರೆ ಕೆಟ್ಟಿರುವ ಆ ಒಂದು ಅಕ್ಷರವನ್ನೇ ತಿದ್ದಬಹುದಿತ್ತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಕತ್ತರಿಸುವುದು ಸುಲಭ, ಸರಿಯಾದ ಅಕ್ಷರ ಕೂಡಿಸಿ ಹೊಲಿಯುವುದು ಕಷ್ಟ. ಡಿಎನ್‌ಎ ತುಂಡಾದರೆ ಕೋಶಕ್ಕೆ ದಿಗಿಲು. ಹರಿದ ಚೀಲವನ್ನು ದಾರಿಯಲ್ಲಿ ನಿಂತೇ ಹೊಲಿದುಕೊಳ್ಳುವವರ ಹಾಗೆ ಅದು ಆ ಕ್ಷಣಕ್ಕೆ ಎರಡು ತುದಿಗಳನ್ನು ಎಳೆದು ಜೋಡಿಸಿಬಿಡುತ್ತದೆ. ಆ ಅವಸರದಲ್ಲಿ ಕೆಲವು ಅಕ್ಷರ ಬಿಟ್ಟುಹೋಗುತ್ತವೆ, ಇಲ್ಲವೇ ಹೊಸದೊಂದು ನುಸುಳುತ್ತದೆ.

ಬೇರೆಲ್ಲ ಕಡೆ ಇದು ದೋಷ. ಇಲ್ಲಿ ಅದೇ ಬೇಕಾಗಿತ್ತು. ಒತ್ತುಗುಂಡಿಯ ನಟ್ಟನಡುವೆ ಕತ್ತರಿಸಿ ಬಿಟ್ಟರೆ ಸಾಕು, ಕೋಶ ತಪ್ಪಾಗಿ ಹೊಲಿದುಕೊಳ್ಳುತ್ತದೆ, ಬೆರಳು ಇಡುವ ಜಾಗ ಇಲ್ಲವಾಗುತ್ತದೆ. ಗುಂಡಿ ಒತ್ತುವವರಿಲ್ಲದೆ ತಡೆಗಾರ ಕುಗ್ಗುತ್ತಾನೆ, ತಡೆಗಾರ ಕುಗ್ಗಿದರೆ ಗಾಮಾ ಏಳುತ್ತದೆ, ಗಾಮಾ ಬಂದರೆ ಕೊಕ್ಕೆಯ ಸಾಲು ಮುರಿಯುತ್ತದೆ. ಈ ಚಿಕಿತ್ಸೆಯ ಇಡೀ ಯಂತ್ರ ಇಷ್ಟೇ. ಹೊಸದಾಗಿ ಏನನ್ನೂ ತಂದು ತುಂಬಲಿಲ್ಲ. ಇರುವ ವಿದ್ಯೆಗೆ ಅಡ್ಡ ನಿಂತದ್ದನ್ನು ಸರಿಸಿದರು. ವೈದ್ಯಕೀಯ ವಿಜ್ಞಾನದಲ್ಲಿ ನಾನು ಓದಿದ್ದರಲ್ಲಿ ಇದಕ್ಕಿಂತ ಸುಂದರವಾದ ಉಪಾಯ ಕಡಿಮೆ.

ಆದರೆ ಒಂದು ಮಾತು ಗಮನದಲ್ಲಿರಲಿ. ಕೆಟ್ಟ ಅಕ್ಷರ ಅಲ್ಲೇ ಇದೆ, ಅದನ್ನು ಯಾರೂ ಮುಟ್ಟಿಲ್ಲ. ಚಿಕಿತ್ಸೆ ನಡೆಯುವುದು ರಕ್ತದ ಕೋಶಗಳಲ್ಲಿ ಮಾತ್ರ, ಅಂಡಾಣು ವೀರ್ಯಾಣುಗಳಲ್ಲಲ್ಲ. ಗುಣವಾದವರ ಮಕ್ಕಳಿಗೂ ಆ ಅಕ್ಷರ ಹೋಗುತ್ತದೆ.

ಹುಟ್ಟಿನಿಂದಲೇ ಬೀಟಾ ಸರ ಸಾಕಷ್ಟು ತಯಾರಾಗದ ಥಲಸ್ಸೇಮಿಯಾ ರೋಗಿಗಳಿಗೂ ಇದೇ ದಾರಿ. ಬೀಟಾ ಇಲ್ಲದ ಕಡೆ ಗಾಮಾ ನಿಂತು ಕೆಲಸ ಮಾಡಿಕೊಡುತ್ತದೆ. ವಾರಗಳ ಲೆಕ್ಕದಲ್ಲಿ ರಕ್ತ ಹಾಕಿಸಿಕೊಳ್ಳುತ್ತ ಬೆಳೆಯುವ ಮಕ್ಕಳಿಗೆ ಇದೊಂದು ಬಿಡುಗಡೆ.

ಹೊಲ ಹಸನು ಮಾಡುವ ಕಷ್ಟ

2019ರ ಜುಲೈಯಲ್ಲಿ ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ, ಮಿಸಿಸಿಪ್ಪಿ ರಾಜ್ಯದ ವಿಕ್ಟೋರಿಯಾ ಗ್ರೇ ಎಂಬ ಮೂವತ್ತನಾಲ್ಕು ವರ್ಷದ ತಾಯಿಗೆ ಈ ಚಿಕಿತ್ಸೆ ಮಾಡಿದರು. ಆ ದೇಶದ ಕುಡುಗೋಲು ರೋಗಿಗಳಲ್ಲಿ ಇದನ್ನು ಪಡೆದ ಮೊದಲಿಗರು ಅವರು. ಕಾಯಿಲೆಯ ಬಗ್ಗೆ, ಗುಣವಾದ ಬಗ್ಗೆ ಅಂದಿನಿಂದಲೂ ಅವರು ಎಲ್ಲರೆದುರು ಮಾತಾಡುತ್ತ ಬಂದಿದ್ದಾರೆ.

ಚಿಕಿತ್ಸೆ ಸೂಜಿ ಚುಚ್ಚಿ ಮನೆಗೆ ಕಳಿಸುವಂಥದಲ್ಲ. ಕೆಂಪು ಕಣಗಳು ಹುಟ್ಟುವುದು ಮೂಳೆಯ ಮಜ್ಜೆಯೊಳಗಿನ ತಾಯಿಕೋಶಗಳಿಂದ. ಸ್ಟೆಮ್ ಸೆಲ್ ಎಂದು ಪತ್ರಿಕೆಗಳಲ್ಲಿ ಓದುತ್ತೀರಲ್ಲ, ಅವೇ. ಮೊದಲು ಔಷಧಿ ಕೊಟ್ಟು ಅವನ್ನು ಮಜ್ಜೆಯಿಂದ ರಕ್ತಕ್ಕೆ ಇಳಿಸುತ್ತಾರೆ. ಒಂದು ಕೈಯಿಂದ ರಕ್ತವನ್ನು ಯಂತ್ರಕ್ಕೆ ಹರಿಸಿ, ತಾಯಿಕೋಶಗಳನ್ನು ಸೋಸಿಕೊಂಡು, ಉಳಿದದ್ದನ್ನು ಇನ್ನೊಂದು ಕೈಗೆ ಮರಳಿಸುತ್ತಾರೆ. ಸಾಲದಿದ್ದರೆ ಮತ್ತೊಮ್ಮೆ, ಮಗದೊಮ್ಮೆ. ಪ್ರಯೋಗಾಲಯದಲ್ಲಿ ಆ ಕೋಶಗಳಿಗೆ ಕ್ಷಣಮಾತ್ರ ವಿದ್ಯುತ್ ತಾಗಿಸಿ, ಹೊದಿಕೆಯಲ್ಲಿ ಕಿಂಡಿ ತೆರೆಸಿ, ಕತ್ತರಿಯನ್ನೂ ಚೀಟಿಯನ್ನೂ ಒಳಗೆ ಕಳಿಸುತ್ತಾರೆ. ಪರೀಕ್ಷೆಗಳೆಲ್ಲ ಮುಗಿದು ಹೆಪ್ಪುಗಟ್ಟಿಸಿದ ಕೋಶಗಳು ಆಸ್ಪತ್ರೆಗೆ ಮರಳಲು ತಿಂಗಳುಗಳು ಬೇಕು.

ಕಷ್ಟದ ಘಟ್ಟ ಆಮೇಲಿನದು. ಹಳೆಯ ಬೆಳೆ ನಿಂತ ಹೊಲದಲ್ಲಿ ಹೊಸ ಬಿತ್ತನೆ ಆಗುವುದಿಲ್ಲ. ಮಜ್ಜೆಯಲ್ಲಿರುವ ಹಳೆಯ ತಾಯಿಕೋಶಗಳನ್ನು ಬುಸಲ್ಫಾನ್ ಎಂಬ ಕಟು ಔಷಧಿಯಿಂದ ನಾಶ ಮಾಡಬೇಕು. ಕೂದಲು ಉದುರುತ್ತದೆ. ಬಾಯಿ, ಗಂಟಲು ಹುಣ್ಣಾಗಿ ನೀರು ನುಂಗಲೂ ಆಗದ ದಿನಗಳು ಬರುತ್ತವೆ. ಮುಂದೆ ಮಕ್ಕಳಾಗದೆ ಹೋಗುವ ಸಂಭವವೂ ಇದೆ. ಅಂಡಾಣು, ವೀರ್ಯ ಮೊದಲೇ ತೆಗೆದಿಡುವುದರ ಬಗ್ಗೆ ವೈದ್ಯರು ಮಾತಾಡಬೇಕಾಗುತ್ತದೆ. ತಿದ್ದಿದ ಕೋಶಗಳು ಡ್ರಿಪ್‌ನಲ್ಲಿ ಸ್ವಲ್ಪ ಹೊತ್ತಿನಲ್ಲೇ ಒಳಗೆ ಹೋಗುತ್ತವೆ. ಅವು ಮಜ್ಜೆಗೆ ತಾವಾಗಿ ದಾರಿ ಕಂಡುಕೊಂಡು ಬೇರು ಬಿಡುವವರೆಗೆ, ವಾರಗಟ್ಟಲೆ, ರೋಗಿ ಸೋಂಕು ತಾಗದಂತೆ ಪ್ರತ್ಯೇಕ ಕೋಣೆಯಲ್ಲಿ ಕಾಯಬೇಕು.

ಅಮೆರಿಕದ ಔಷಧ ಇಲಾಖೆಯ ಮುಂದಿಟ್ಟ ಲೆಕ್ಕದಲ್ಲಿ, ಸಾಕಷ್ಟು ಕಾಲ ಗಮನಿಸಲು ಸಾಧ್ಯವಾದ 31 ರೋಗಿಗಳಲ್ಲಿ 29 ಜನರಿಗೆ ಕನಿಷ್ಠ ಹನ್ನೆರಡು ತಿಂಗಳು ತೀವ್ರ ನೋವಿನ ದಾಳಿ ಒಮ್ಮೆಯೂ ಬರಲಿಲ್ಲ. 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟವು. ಕ್ಯಾಸ್ಜೆವಿ ಎಂಬ ಹೆಸರಿನ ಇದು ಕ್ರಿಸ್ಪರ್‌ನಿಂದ ತಯಾರಾಗಿ ಒಪ್ಪಿಗೆ ಪಡೆದ ಜಗತ್ತಿನ ಮೊದಲ ಚಿಕಿತ್ಸೆ. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್. ನಮ್ಮ ಲೆಕ್ಕದಲ್ಲಿ 18 ಕೋಟಿ ರೂಪಾಯಿಗೂ ಮೇಲೆ.

ಒಂದು ಗುಳಿಗೆ, ಒಂದು ಕೊಳವೆ

ಕಾಡಂಚಿನ ಹಾಡಿಯಲ್ಲಿ ನಿಂತು ಈ ಬೆಲೆಯನ್ನು ಹೇಳಲು ಬಾಯಿ ಬರುವುದಿಲ್ಲ. ಆದ್ದರಿಂದ ಬೆಲೆ ಇಳಿಸುವ ಕೆಲಸವೂ ವಿಜ್ಞಾನದ ಕೆಲಸವೇ. ದೆಹಲಿಯ ಐಜಿಐಬಿ ಸಂಸ್ಥೆಯ ವಿಜ್ಞಾನಿಗಳು ಬೇರೊಂದು ಬ್ಯಾಕ್ಟೀರಿಯಾದ ಕ್ಯಾಸ್9 ಕತ್ತರಿಯನ್ನು ಸಾಣೆ ಹಿಡಿದು, ಕುಡುಗೋಲು ಕಾಯಿಲೆಗೆ ದೇಶೀ ಚಿಕಿತ್ಸೆ ರೂಪಿಸುತ್ತಿದ್ದಾರೆ. 2025ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಅದಕ್ಕೆ ಬುಡಕಟ್ಟು ಜನರ ನಾಯಕ ಬಿರ್ಸಾ ಮುಂಡಾ ಅವರ ನೆನಪಿನಲ್ಲಿ ಬಿರ್ಸಾ 101 ಎಂದು ಹೆಸರಿಟ್ಟಿತು. ಮಜ್ಜೆಯನ್ನು ಬರಿದು ಮಾಡದೆ, ಕತ್ತರಿಯನ್ನು ಕೊಬ್ಬಿನ ಕಿರುಗೋಲಿಗಳಲ್ಲಿ ತುಂಬಿ ನೇರವಾಗಿ ರಕ್ತಕ್ಕೆ ಚುಚ್ಚುವ ಪ್ರಯತ್ನವೂ ಹಲವೆಡೆ ನಡೆದಿದೆ. ಇಂಥ ಗೋಲಿಗಳು ಸುಲಭವಾಗಿ ಹೋಗುವುದು ಪಿತ್ತಜನಕಾಂಗಕ್ಕೆ. ಅವನ್ನು ಮಜ್ಜೆಗೆ ತಲುಪಿಸುವುದೇ ಈಗಿನ ಸವಾಲು.

ಅಷ್ಟರವರೆಗೆ ಕೈಯಲ್ಲಿರುವುದು ಹೈಡ್ರಾಕ್ಸಿಯೂರಿಯಾ. ಅಗ್ಗದ ಗುಳಿಗೆ, ಈ ಕಾಯಿಲೆಗೆ ಅಮೆರಿಕದಲ್ಲಿ 1998ರಲ್ಲೇ ಒಪ್ಪಿಗೆ ಪಡೆದದ್ದು. ಅದು ಮಾಡುವುದೂ ಬಸಿರ ಹಿಮೋಗ್ಲೋಬಿನ್ ಹೆಚ್ಚಿಸುವ ಕೆಲಸವನ್ನೇ, ಅಷ್ಟು ನಿಖರವಾಗಿ ಅಲ್ಲದಿದ್ದರೂ. ದಿನವೂ ತಪ್ಪದೆ ತೆಗೆದುಕೊಳ್ಳಬೇಕು, ಆಗಾಗ ರಕ್ತಪರೀಕ್ಷೆ ಮಾಡಿಸಬೇಕು. ಕ್ರಿಸ್ಪರ್ ಬಗ್ಗೆ ಬರೆಯುವವರೆಲ್ಲ ಈ ಗುಳಿಗೆಯನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಹಾಡಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ಹನ್ನೆರಡು ತಿಂಗಳೂ ಸಿಗುವಂತಾದರೆ ಎಷ್ಟೋ ಮಕ್ಕಳ ನೋವು ಇವತ್ತೇ ಕಡಿಮೆಯಾಗುತ್ತದೆ.

ಅದಕ್ಕೂ ಮೊದಲು ಯಾರಿಗೆ ಕಾಯಿಲೆ ಇದೆ ಎಂದು ಗೊತ್ತಾಗಬೇಕು. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಅಭಿಯಾನದಲ್ಲಿ ಕರ್ನಾಟಕವೂ ಸೇರಿ 17 ರಾಜ್ಯಗಳಲ್ಲಿ ನಲವತ್ತರೊಳಗಿನ 7 ಕೋಟಿ ಜನರ ರಕ್ತ ಪರೀಕ್ಷಿಸುವ ಗುರಿಯಿಟ್ಟರು. ಮೊದಲ ಪರೀಕ್ಷೆಗಳಲ್ಲೊಂದು ಬಹಳ ಸರಳ. ಗಾಜಿನ ಕೊಳವೆಯಲ್ಲಿ ಆಮ್ಲಜನಕ ಕಸಿಯುವ ದ್ರಾವಣ. ಅದಕ್ಕೆ ಬೆರಳು ಚುಚ್ಚಿ ತೆಗೆದ ರಕ್ತ ಒಂದಿಷ್ಟು. ಕೊಳವೆಯ ಹಿಂದೆ ಕಪ್ಪು ಗೆರೆ ಎಳೆದ ಬಿಳಿ ಕಾಗದ. ಕೆಲವು ನಿಮಿಷ ಬಿಟ್ಟು ನೋಡಿದರೆ ಆರೋಗ್ಯವಂತರ ರಕ್ತ ತಿಳಿಯಾಗಿ, ಅದರಾಚೆ ಗೆರೆ ನೆಟ್ಟಗೆ ಕಾಣುತ್ತದೆ. ಕುಡುಗೋಲು ಹಿಮೋಗ್ಲೋಬಿನ್ ಇದ್ದರೆ ಕೊಕ್ಕೆ ಕುಣಿಕೆ ಸೇರಿ ದ್ರಾವಣ ಕಲಗಚ್ಚಿನ ಹಾಗೆ ಕದಡುತ್ತದೆ, ಗೆರೆ ಮರೆಯಾಗುತ್ತದೆ. ಗೆರೆ ಮರೆಯಾದವರ ರಕ್ತ ದೊಡ್ಡ ಯಂತ್ರದ ಪರೀಕ್ಷೆಗೆ ಹೋಗುತ್ತದೆ.

ಶಿಬಿರಕ್ಕೆ ನಾಲ್ಕು ತಿಂಗಳ ಕೂಸನ್ನು ಸೊಂಟದಲ್ಲಿಟ್ಟುಕೊಂಡು ಬಂದ ತಾಯಿಯ ಕೊಳವೆ ಕದಡಿದರೆ, ಅವಳು ಸಹಜವಾಗಿಯೇ ಕೂಸಿನ ಬೆರಳನ್ನೂ ಮುಂದೆ ಚಾಚುತ್ತಾಳೆ. ಆರೋಗ್ಯ ಕಾರ್ಯಕರ್ತೆ ಈ ಕೊಳವೆಯಲ್ಲಿ ಅದರ ರಕ್ತವನ್ನು ನೋಡುವುದಿಲ್ಲ. ಇಷ್ಟು ಎಳೆಯ ಕೂಸಿನ ರಕ್ತದಲ್ಲಿ ಕಾಯಿಲೆ ಇದ್ದರೂ ದ್ರಾವಣ ತಿಳಿಯಾಗಿಯೇ ಉಳಿಯಬಹುದು, ಗೆರೆ ಕಾಣಬಹುದು. ಕೂಸನ್ನು ಕಾಯುತ್ತಿರುವುದು ಬ್ರೂಕ್ಲಿನ್‌ನಲ್ಲಿ ಜಾನೆಟ್ ವಾಟ್ಸನ್ ಕಂಡದ್ದೇ.

“ಕೂಸ್ಗೆ ಆರ್ ತಿಂಗ್ಳು ತುಂಬ್ಲಿ ಕಣಕ್ಕಾ, ಆಮೇಲ್ ಕರ್ಕಂಡ್ ಬಾ. ಅಷ್ಟ್ರಲ್ಲಿ ಕೈ ಕಾಲು ಊದ್ಕೊಂಡ್ರೆ ಮಾತ್ರ ಅವತ್ತೇ ಬಾ.”

ಕಾರ್ಯಕರ್ತೆ ತಾಯಿ ಕಾರ್ಡಿನ ಅಂಚಿನಲ್ಲಿ ಎರಡು ತಿಂಗಳು ಆಚೆಯ ತಾರೀಖೊಂದನ್ನು ಬರೆದು, ಓದಿ ಹೇಳಿ, ಅವಳ ಕೈಗೆ ಕೊಡುತ್ತಾಳೆ.